ಕಂಬದ ಮೇಲಿನ ಸಿಂಹ, ಮುದ್ರೆಯೊಳಗಿನ ಹಕ್ಕಿ



ಜಯನಗರದ ಕಡೆಗೆ ಹೊರಟವರು ಆಟೋ ಚಾಲಕರಿಗೆ ‘ಅಶೋಕ ಪಿಲ್ಲರ್ ಹತ್ತಿರ’ ಎಂದರೆ ಸಾಕು, ಬೇರೆ ಗುರುತು ಹೇಳಬೇಕಿಲ್ಲ. ಲಾಲ್‌ಬಾಗಿನ ದಕ್ಷಿಣಕ್ಕೆ, ಸಿದ್ದಾಪುರದ ಮಗ್ಗುಲಲ್ಲಿ, ಹಲವು ರಸ್ತೆಗಳು ಕೂಡುವ ಕಡೆ ಆ ಕಂಬ ನಿಂತಿದೆ. ವಾಹನಗಳು ಅದನ್ನು ಬಳಸಿಕೊಂಡು ಹಗಲಿರುಳೂ ಓಡಾಡುತ್ತವೆ. ಆದರೆ ತಲೆಯೆತ್ತಿ ತುದಿಯ ಸಿಂಹಗಳನ್ನು ನೋಡುವವರು ಎಷ್ಟು ಮಂದಿ? ಲಾಂಛನವೊಂದು ಬರೀ ವಿಳಾಸವಾಗಿಬಿಟ್ಟರೆ ಅದರ ಅರ್ಥ ಮೆಲ್ಲಗೆ ಮರೆಯಾಗುತ್ತದೆ.

1948ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಜಯನಗರ ಬಡಾವಣೆಗೆ ಶಂಕುಸ್ಥಾಪನೆ ಮಾಡಿದರು. ಅದರ ನೆನಪಿಗೆ ಈ ಕಂಬ. ಆಗ ಮೈಸೂರಿನಲ್ಲಿ ಜಯಚಾಮರಾಜ ಒಡೆಯರು ಮಹಾರಾಜರಾಗಿಯೇ ಇದ್ದರು. ಅರಮನೆಯ ಲಾಂಛನ ಎರಡು ತಲೆಯ ಗಂಡಭೇರುಂಡ. ಆದರೂ ಹೊಸ ಬಡಾವಣೆಯ ಬಾಗಿಲಲ್ಲಿ ನಿಂತದ್ದು ಅಶೋಕನ ಸಿಂಹ. ದೇಶ ಸ್ವತಂತ್ರವಾಗಿ ಒಂದು ವರ್ಷವಾಗಿತ್ತು, ಸಂವಿಧಾನ ಇನ್ನೂ ಸಿದ್ಧವಾಗುತ್ತಿತ್ತು. ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ ಎಂಬುದನ್ನು ಆ ಕಂಬ ಮಾತಿಲ್ಲದೆ ಹೇಳಿತು.

ಮೂಲ ಸಿಂಹಶಿಲ್ಪ ದೊರೆತದ್ದು ಸಾರನಾಥದಲ್ಲಿ, 1904-05ರ ಉತ್ಖನನದಲ್ಲಿ. ಬೆನ್ನಿಗೆ ಬೆನ್ನು ಕೊಟ್ಟ ನಾಲ್ಕು ಸಿಂಹಗಳು. ಚಿತ್ರದಲ್ಲಿ ಕಾಣುವುದು ಮೂರೇ. ಕೆಳಗಿನ ಪಟ್ಟಿಯಲ್ಲಿ ಆನೆ, ಕುದುರೆ, ಗೂಳಿ, ಸಿಂಹ, ಅವುಗಳ ನಡುವೆ ಚಕ್ರಗಳು. 1950ರ ಜನವರಿ 26ರಂದು ಇದು ರಾಷ್ಟ್ರಲಾಂಛನವಾಯಿತು. ಬಹಳ ಮಂದಿಗೆ ತಿಳಿಯದ ಸಂಗತಿಯೊಂದುಂಟು. ಮೂಲದಲ್ಲಿ ಆ ಸಿಂಹಗಳ ನೆತ್ತಿಯ ಮೇಲೆ ಇನ್ನೊಂದು ದೊಡ್ಡ ಚಕ್ರವಿತ್ತು. ಅದರ ಚೂರುಗಳಷ್ಟೇ ಉಳಿದಿವೆ. ಸಿಂಹ ಬಲದ ಗುರುತು, ಚಕ್ರ ಧರ್ಮದ ಗುರುತು. ಬಲವು ಧರ್ಮವನ್ನು ಹೊತ್ತು ನಿಲ್ಲಬೇಕು ಎಂಬುದೇ ಆ ಶಿಲ್ಪದ ತಾತ್ಪರ್ಯ ಎನ್ನಬಹುದು.

ಹಾಗೆಂದು ಗಂಡಭೇರುಂಡ ಮರೆಗೆ ಸರಿಯಲಿಲ್ಲ. ಅದರ ವಂಶಾವಳಿ ಮೈಸೂರು ಅರಮನೆಗಿಂತ ಬಹಳ ಹಳೆಯದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರ ಭೇರುಂಡ ಸ್ತಂಭವಿದೆ. ಬೇಲೂರಿನ ಶಿಲ್ಪದಲ್ಲಿ ಒಂದನ್ನೊಂದು ನುಂಗುವ ಪ್ರಾಣಿಗಳ ಸಾಲಿನ ಕೊನೆಗೆ ಬರುವುದು ಈ ಹಕ್ಕಿಯೇ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಎಲ್ಲ ಬಲಶಾಲಿಗಳನ್ನೂ ಮೀರಿದ ಬಲ ಎಂಬುದು ಅದರ ಅರ್ಥ. ರಾಜರಿಗೆ ಅದು ಪ್ರಿಯವಾದದ್ದು ಸಹಜವೇ.

ಇಂದಿನ ಕರ್ನಾಟಕದ ರಾಜ್ಯಮುದ್ರೆಯನ್ನು ಗಮನವಿಟ್ಟು ನೋಡಿ. ನಡುವಿನ ಕೆಂಪು ಗುರಾಣಿಯಲ್ಲಿ ಬಿಳಿಯ ಗಂಡಭೇರುಂಡ, ಎರಡು ಪಕ್ಕಗಳಲ್ಲಿ ಆನೆಯ ಸೊಂಡಿಲಿನ ಸಿಂಹಗಳು, ಮೇಲೆ ಅಶೋಕನ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’. ಅರಮನೆಯ ಹಕ್ಕಿಯೂ ಗಣರಾಜ್ಯದ ಸಿಂಹವೂ ಒಂದೇ ಮುದ್ರೆಯಲ್ಲಿ ಕೂಡಿವೆ. ಹಳೆಯದನ್ನು ಅಳಿಸದೆ, ಹೊಸದನ್ನು ಅದರ ಮೇಲಿಟ್ಟು ನಾಡು ತನ್ನ ಚರಿತ್ರೆಯನ್ನು ಬರೆದುಕೊಂಡ ಬಗೆ ಇದು.

ಇಷ್ಟು ತೂಕದ ಗುರುತನ್ನು ಹಗುರವಾಗಿ ಬಳಸುವ ಚಾಳಿ ನಮ್ಮಲ್ಲಿದೆ. ಕಾರಿನ ಗಾಜಿಗೆ ಸಿಂಹದ ಚಿತ್ರ ಅಂಟಿಸಿದರೆ ಪೊಲೀಸರು ತಡೆಯಲಾರರು ಎಂಬ ಲೆಕ್ಕಾಚಾರ ಕೆಲವರದು. 2005ರ ಕಾಯಿದೆಯ ಪ್ರಕಾರ ರಾಷ್ಟ್ರಲಾಂಛನದ ದುರ್ಬಳಕೆಗೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದು. ವಾಹನದ ಮೇಲೆ ಅದನ್ನು ಹಾಕುವ ಹಕ್ಕು ರಾಷ್ಟ್ರಪತಿ, ರಾಜ್ಯಪಾಲರಂಥ ಕೆಲವೇ ಪದವಿಗಳಿಗೆ ಸೇರಿದ್ದು. ಆದರೆ ಶಿಕ್ಷೆಯ ಭಯಕ್ಕಿಂತ ದೊಡ್ಡ ಪ್ರಶ್ನೆ ಬೇರೆಯಿದೆ. ಎಲ್ಲರದಾದ ಗುರುತನ್ನು ತನ್ನೊಬ್ಬನ ದರ್ಪಕ್ಕೆ ಬಳಸಿದಾಗ ಚಕ್ರ ಮತ್ತೆ ಕೆಳಗೆ ಬೀಳುತ್ತದೆ, ಸಿಂಹವಷ್ಟೇ ಉಳಿಯುತ್ತದೆ.

ಅಶೋಕ ಕನ್ನಡನಾಡಿಗೆ ಹೊರಗಿನವನಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅವನ ಹೆಸರೇ ಇದ್ದುದರಿಂದ, ‘ದೇವಾನಾಂಪ್ರಿಯ’ ಎಂಬ ಬಿರುದಿನ ದೊರೆ ಅಶೋಕನೇ ಎಂಬುದು ಖಚಿತವಾಯಿತು. ಚಿತ್ರದುರ್ಗ ಜಿಲ್ಲೆಯಲ್ಲಿ ಅವನ ಶಾಸನವಿರುವ ಒಂದು ಊರಿನ ಹೆಸರೂ ಸಿದ್ದಾಪುರವೇ! ಶ್ರೇಯಸ್ಸು ದೊಡ್ಡವರಿಗಷ್ಟೇ ಮೀಸಲಲ್ಲ, ಚಿಕ್ಕವರೂ ಧರ್ಮದಿಂದ ನಡೆದರೆ ಅದನ್ನು ಪಡೆಯಬಲ್ಲರು ಎಂಬುದು ಆ ಶಾಸನಗಳ ಆಶಯ.

ಜಯನಗರದ ಕಂಬಕ್ಕೆ ಕಾವಲುಗಾರನಿಲ್ಲ, ದರ್ಶನಕ್ಕೆ ಟಿಕೆಟ್ಟಿಲ್ಲ. ತರಕಾರಿ ಚೀಲ ಹಿಡಿದವರೂ ಕಾರಿನಲ್ಲಿ ಕುಳಿತವರೂ ಅದರಡಿಯಲ್ಲೇ ಹಾದು ಹೋಗುತ್ತಾರೆ. ಮುಂದಿನ ಸಲ ಅಲ್ಲಿ ಸಿಗ್ನಲ್ಲಿಗೆ ನಿಂತಾಗ, ಜೊತೆಯಲ್ಲಿರುವ ಮಗುವಿಗೆ ತುದಿಯ ಸಿಂಹಗಳನ್ನು ತೋರಿಸಿ. ಅವುಗಳ ಮೇಲೆ ಒಮ್ಮೆ ಚಕ್ರವಿತ್ತೆಂಬುದನ್ನೂ ಹೇಳಿ.