ನಮ್ಮ ಗುಟ್ಟಿಗೆ ಬೀಗ ಬೇಕು, ಬೀಗಕ್ಕೆ ಕನ್ನಡ ಬೇಕು!

(ಚನ್ನಗಿರಿಯ ಪ್ರೆಸ್ ಮಾಲೀಕರೊಬ್ಬರ ಭಾಷಣ)



ಬೋರ್ಡು ಕನ್ನಡದಲ್ಲಿರಲಿ ಎಂದು ಬೀದಿಗಿಳಿಯುತ್ತೀರಿ. ನಿಮ್ಮ ಜೇಬಿನ ಫೋನು ಯಾವ ಭಾಷೆಯಲ್ಲಿ ಒಪ್ಪಿಗೆ ಕೇಳುತ್ತಿದೆ, ನೋಡಿದ್ದೀರಾ? ಸಾಲದ ಆಪ್ ತೆರೆದರೆ ಮಾರುದ್ದ ಇಂಗ್ಲಿಷ್, ಕೆಳಗೊಂದು ಗುಂಡಿ. ಒತ್ತಿದಿರೋ, ನಿಮ್ಮ ಗುಟ್ಟು ಅವರ ಕೈಯಲ್ಲಿ!

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಸಾರಿತು. ಆ ಮೊಕದ್ದಮೆ ಹೂಡಿದವರು ಯಾರು? ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ!

ಹಕ್ಕೇನೋ ಬಂತು. ಅದನ್ನು ಕಾಯುವ ಬೀಗ ಯಾವುದು? ಗಣಿತ! ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಒಬ್ಬೊಬ್ಬ ರೈತ ಬಂದು ಕೂತಿದ್ದಾನೆ ಎನ್ನಿ. ನಾಲ್ವರ ಒಟ್ಟು ಸಾಲ ತಿಳಿಯಬೇಕು. ಯಾರದು ಎಷ್ಟೆಂದು ಯಾರಿಗೂ ತಿಳಿಯಬಾರದು. ಆಗುತ್ತದೆಯೇ? ಆಗುತ್ತದೆ. ಜಗಳೂರಿನವನ ಸಾಲ 5 ಲಕ್ಷ. ಅದನ್ನು ಮನಸ್ಸಿಗೆ ಬಂದಂತೆ ನಾಲ್ಕು ಚೂರು ಮಾಡುತ್ತಾನೆ: 12, 6, ಮೈನಸ್ 9, ಮೈನಸ್ 4. ಒಂದನ್ನು ತಾನಿಟ್ಟುಕೊಂಡು ಉಳಿದವನ್ನು ಮೂವರಿಗೆ ಒಂದೊಂದಾಗಿ ಗುಟ್ಟಾಗಿ ಕೊಡುತ್ತಾನೆ. ಮಿಕ್ಕವರೂ ಹಾಗೆಯೇ. ಕೊನೆಗೆ ಪ್ರತಿಯೊಬ್ಬನೂ ತನ್ನ ಬಳಿಯಿರುವ ಚೂರುಗಳನ್ನು ಕೂಡಿ ಹೇಳುತ್ತಾನೆ. ಆ ನಾಲ್ಕು ಮೊತ್ತ ಸೇರಿಸಿದರೆ ಒಟ್ಟು ಸಾಲ! ಒಬ್ಬನ ಮಾನವೂ ಹೋಗಲಿಲ್ಲ. ಇಂಥ ಲೆಕ್ಕದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅರ್ಪಿತಾ ಪಾತ್ರ ಮತ್ತು ಸಂಗಡಿಗರು ಸಂಶೋಧನೆ ನಡೆಸಿದ್ದಾರೆ.

ಇನ್ನೊಂದು ಅಪಾಯ ಕೇಳಿ. ಇಂದಿನ ಎಷ್ಟೋ ಡಿಜಿಟಲ್ ಬೀಗಗಳು ನಿಂತಿರುವುದು ಭಾರೀ ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯುವುದು ಕಷ್ಟ ಎಂಬುದರ ಮೇಲೆ. ಕ್ವಾಂಟಂ ಕಂಪ್ಯೂಟರ್ ಅದನ್ನು ಬೇಗ ಒಡೆಯಬಲ್ಲದೆಂದು 1994ರಲ್ಲೇ ಪೀಟರ್ ಶೋರ್ ತೋರಿಸಿದರು. ಅಂಥ ದೊಡ್ಡ ಯಂತ್ರ ಇನ್ನೂ ಬಂದಿಲ್ಲ. ಆದರೆ ಕಳ್ಳ ಇಂದೇ ಪೆಟ್ಟಿಗೆ ಕದ್ದಿಟ್ಟುಕೊಂಡು, ಯಂತ್ರ ಬಂದ ದಿನ ತೆರೆಯಬಹುದು! ಅದಕ್ಕೇ 2024ರ ಆಗಸ್ಟಿನಲ್ಲಿ ಅಮೆರಿಕದ ಮಾನಕ ಸಂಸ್ಥೆ ಹೊಸ ಬೀಗಗಳಿಗೆ ಮೂರು ಮಾನಕ ಪ್ರಕಟಿಸಿತು.

ನಮ್ಮ ವಿಜ್ಞಾನ ಸಂಸ್ಥೆ ನಿಂತಿರುವುದು ಮೈಸೂರು ಅರಸರು ಕೊಟ್ಟ ನೆಲದ ಮೇಲೆ. ಅಲ್ಲಿನ ತಿಳಿವಳಿಕೆ ಆ ನೆಲದ ನುಡಿಗೆ ಬರಬೇಡವೇ? ಕಾನೂನೂ ನಮ್ಮ ಕಡೆಗಿದೆ. ಒಪ್ಪಿಗೆ ಕೇಳುವ ನೋಟೀಸನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕೆನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಕನ್ನಡ ಆ ಪಟ್ಟಿಯಲ್ಲಿದೆ! ಅದು ಬರೀ ಕಾಗದದ ಮೇಲೆ ಉಳಿಯದಂತೆ ನೋಡಿಕೊಳ್ಳಬೇಕಾದವರು ನಾವು. ಬ್ಯಾಂಕಿಗೆ, ಕಂಪನಿಗೆ ಪತ್ರ ಬರೆಯಿರಿ, ಕನ್ನಡದಲ್ಲಿ ಕೇಳಿ.

ಓದಿದ ಹುಡುಗ ಹುಡುಗಿಯರೇ, ಪಿಯುಸಿ ಮುಗಿಸಿದ ನನಗೆ ಅರ್ಥವಾದದ್ದು ಎಲ್ಲರಿಗೂ ಅರ್ಥವಾಗುತ್ತದೆ. ಈ ಗಣಿತವನ್ನು ಕನ್ನಡದಲ್ಲಿ ಬರೆದುಕೊಡಿ. ಅಚ್ಚು ಹಾಕಲು ನನ್ನ ಪ್ರೆಸ್ ಇದೆ.

ಸಿರಿಗನ್ನಡಂ ಗೆಲ್ಗೆ!