ದೀಪ ಆರದ ಬಾವಿ



ಬಾವಿಯ ಹೂಳೆತ್ತೋಕೆ ನಮ್ಮ ಕೇರಿಯವರನ್ನೇ ಕರೀತಾರೆ. ನೀರು ಖಾಲಿ ಮಾಡೋಕೆ ಪೆಟ್ರೋಲ್ ಪಂಪನ್ನೂ ಬಾವಿಯೊಳಕ್ಕೇ ಇಳಿಸಿರ್ತಾರೆ. ಆಮೇಲೆ ದೀಪವೊಂದನ್ನು ಇಳಿಬಿಟ್ಟು, 'ಆರಲಿಲ್ಲವಲ್ಲ, ಇಳೀರೋ' ಅಂತಾರೆ.

ಈ ಮಾತನ್ನು ನಾವು ನಂಬಬಾರದು. ದೀಪ ಆರಿದರೆ ಆಮ್ಲಜನಕ ಸಾಲದು ಅಂತ ತಿಳೀತದೆ, ಅಷ್ಟೇ. ಪಂಪಿನ ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡು ಮನುಷ್ಯನನ್ನು ಕೊಲ್ಲುವಷ್ಟು ತುಂಬಿದ್ದರೂ ದೀಪ ಉರೀತಲೇ ಇರ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲು ಬಿಗಿಯಾಗಿ ಅಂಟಿಕೊಂಡು, ಉಸಿರಾಡುತ್ತಿದ್ದಂತೆಯೇ ಉಸಿರುಗಟ್ಟಿಸ್ತದೆ. ಮೊದಲು ತಲೆನೋವು, ವಾಕರಿಕೆ. ಆಮೇಲೆ ಹಗ್ಗ ಹಿಡಿಯೋಕೂ ಕೈಯಲ್ಲಿ ತ್ರಾಣ ಇರೋದಿಲ್ಲ. ಅವನನ್ನು ಎತ್ತೋಕೆ ಅಂತ ತಮ್ಮ ಇಳೀತಾನೆ. ಅವನೂ ಬರೋದಿಲ್ಲ.

ಇದೇ ಅನಿಲ ಕಬ್ಬಿಣವನ್ನೂ ಕೊಡ್ತದೆ. 1923ರಲ್ಲಿ ಹೊತ್ತಿದ ಭದ್ರಾವತಿಯ ಕುಲುಮೆಯಲ್ಲಿ ಇದ್ದಿಲಿನಿಂದ ಹುಟ್ಟಿ, ಅದಿರಿನ ಆಮ್ಲಜನಕವನ್ನು ಕಿತ್ತು ಲೋಹ ಬಿಡಿಸಿದ್ದು ಇದೇ. ಕಾರ್ಖಾನೆಯಲ್ಲಿ ಅದನ್ನು ಕೊಳವೆಯೊಳಗೆ ಕಟ್ಟಿಹಾಕಿ ಉರುವಲಾಗಿಯೂ ಬಳಸ್ತಾರೆ. ಬಾವಿಯಲ್ಲಿ ಕಟ್ಟಿಹಾಕೋರು ಯಾರು?

ಹಾಸ್ಟೆಲಿನ ನಾವೂ ಚಳಿಗೆ ಕಿಟಕಿ ಮುಚ್ಚಿ, ಕೆಂಡದ ಬಾಂಡಲಿ ಪಕ್ಕದಲ್ಲಿಟ್ಟು ಮಲಗ್ತೀವಿ. ಕೆಂಡ ಹೊಗೆಯಾಡದಿದ್ದರೂ ಈ ವಿಷ ಬಿಡ್ತಾನೇ ಇರ್ತದೆ.

ಮ್ಯಾನ್‌ಹೋಲಿನಲ್ಲಿ ಹೆಚ್ಚಾಗಿ ಕೊಲ್ಲೋದು ಬೇರೆಯದು, ಹೈಡ್ರೋಜನ್ ಸಲ್ಫೈಡು. ಅಲ್ಲಿಗೆ ರಕ್ಷಣೆ ಇಲ್ಲದೆ ಇಳಿಸೋದನ್ನು 2013ರ ಕಾಯ್ದೆ ನಿಷೇಧಿಸಿದೆ. ಸತ್ತರೆ 30 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಬಾವಿಯ ಸಾವನ್ನು 'ಆಕಸ್ಮಿಕ' ಅಂತ ಬರೆದು ಮುಚ್ಚಿಬಿಡೋದು ಸುಲಭ. ಊರಲ್ಲಿ ಅಂಥದ್ದು ನಡೆದರೆ ನಾವು ಠಾಣೆಗೆ ಹೋಗಿ ಕೇಳಬೇಕು: ಪಂಪು ಎಲ್ಲಿತ್ತು? ಶವಪರೀಕ್ಷೆಯಲ್ಲಿ ರಕ್ತದೊಳಗಿನ ಕಾರ್ಬನ್ ಮಾನಾಕ್ಸೈಡನ್ನು ಅಳೆದರೋ ಇಲ್ಲವೋ?