ಹೇಮಾವತಿಯ ನ್ಯಾಯವನ್ನು ಓದುವವರು ಯಾರು?

(ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣಗಳ ಪದವಿ ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಜಾಗತಿಕ ಆಡಳಿತ, ಸಂವಿಧಾನವಾದ, ಸಾಮಾಜಿಕ ನ್ಯಾಯ, ಪರಿಸರ ನ್ಯಾಯ. ಈ ಪದಗಳನ್ನು ಕೇಳಿದೊಡನೆ, ಅವು ದಿಲ್ಲಿಯ ಅಥವಾ ಜಿನೀವಾದ ವಿದ್ವಾಂಸರಿಗೆ ಸಂಬಂಧಿಸಿದವು, ನಮ್ಮಂತಹ ಪಟ್ಟಣಗಳ ಕುಟುಂಬಗಳಿಗೆ ಅವುಗಳಿಂದ ಆಗಬೇಕಾದುದೇನೂ ಇಲ್ಲ ಎಂದು ಭಾವಿಸುವವರೇ ಅಧಿಕ. ವಾಸ್ತವ ಹಾಗಿಲ್ಲ. ಈ ನಾಲ್ಕೂ ವಿಷಯಗಳು ಹೇಮಾವತಿಯ ನೀರಿನೊಂದಿಗೆ ಬೆರೆತು ನಮ್ಮ ಹೊಲ, ಮನೆಗಳವರೆಗೂ ಬಂದಿವೆ.

ಬಲ್ಲಾಳರಾಯನ ದುರ್ಗದ ಬಳಿ ಹುಟ್ಟಿ, ಸಕಲೇಶಪುರವನ್ನು ದಾಟಿ, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು ಕಾವೇರಿಯನ್ನು ಸೇರುವ ಈ ನದಿಯ ನೀರನ್ನು ಯಾರು ಎಷ್ಟು ಬಳಸಬೇಕೆಂಬುದನ್ನು ಮೊದಲು ನಿರ್ಧರಿಸಿದವರು ನಮ್ಮ ಹಿರಿಯರಲ್ಲ. 1892 ಮತ್ತು 1924 ರಲ್ಲಿ ಮೈಸೂರು ಸಂಸ್ಥಾನವೂ ಮದ್ರಾಸಿನ ಬ್ರಿಟಿಷ್ ಆಡಳಿತವೂ ಒಪ್ಪಂದ ಮಾಡಿಕೊಂಡವು. ಒಂದು ಕಡೆ ಅರಸೊತ್ತಿಗೆ, ಇನ್ನೊಂದು ಕಡೆ ವಸಾಹತು ಸರಕಾರ. ಪ್ರಜೆಗಳನ್ನು ಯಾರೂ ಕೇಳಲಿಲ್ಲ. ಆ ಒಪ್ಪಂದಗಳ ನೆರಳು ಸ್ವತಂತ್ರ ಭಾರತದ ನ್ಯಾಯಾಲಯಗಳವರೆಗೂ ಚಾಚಿತು.

ಸಂವಿಧಾನವು 262ನೇ ವಿಧಿಯಲ್ಲಿ ಅಂತಾರಾಜ್ಯ ನದಿ ವಿವಾದಗಳಿಗೆ ದಾರಿ ತೋರಿಸಿತು. 1956 ರಲ್ಲಿ ಅದಕ್ಕೆ ಕಾನೂನು ಬಂತು. 1990 ರಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾಯಿತು. ಅದರ ಅಂತಿಮ ತೀರ್ಪು ಹೊರಬಿದ್ದದ್ದು 2007 ರಲ್ಲಿ. ಒಟ್ಟು 740 ಟಿಎಂಸಿ ನೀರಿನಲ್ಲಿ ಕರ್ನಾಟಕಕ್ಕೆ 270, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಹಂಚಿಕೆಯಾಯಿತು. ಪರಿಸರಕ್ಕೆಂದು 10 ಟಿಎಂಸಿಯನ್ನೂ ತೆಗೆದಿರಿಸಲಾಯಿತು. ನದಿಗೂ ಒಂದು ಪಾಲುಂಟೆಂದು ಆ ತೀರ್ಪು ಒಪ್ಪಿಕೊಂಡಿತು. 2018 ರ ಫೆಬ್ರವರಿ 16 ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿ ಅದನ್ನು 284.75 ಕ್ಕೇರಿಸಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗಾಗಿತ್ತು.

ವಿದ್ಯಾರ್ಥಿಗಳು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಯಾವ ರಾಜ್ಯಕ್ಕೂ ನದಿಯ ಮೇಲೆ ಒಡೆತನವಿಲ್ಲ, ಎಲ್ಲರಿಗೂ ನ್ಯಾಯೋಚಿತ ಪಾಲಿದೆ ಎಂಬ ತತ್ತ್ವವನ್ನು ಪರಿಶೀಲಿಸುವಾಗ ನ್ಯಾಯಾಲಯವು 1966 ರ ಹೆಲ್ಸಿಂಕಿ ನಿಯಮಗಳನ್ನು ಮುಂದಿಟ್ಟುಕೊಂಡಿತು. ಆ ನಿಯಮಗಳನ್ನು ಬರೆದದ್ದು ಯಾವುದೇ ಸರಕಾರವಲ್ಲ. ಕಾನೂನು ವಿದ್ವಾಂಸರ ಒಂದು ಅಂತಾರಾಷ್ಟ್ರೀಯ ಸಂಘ ಅದನ್ನು ಬರೆಯಿತು. ಆ ವಿದ್ವಾಂಸರ ಹಿಂದೆ ಸೈನ್ಯವಿರಲಿಲ್ಲ, ಕೈಯಲ್ಲಿ ಅಧಿಕಾರವಿರಲಿಲ್ಲ. ಇದ್ದದ್ದು ಅಧ್ಯಯನ ಮಾತ್ರ. ಐವತ್ತೆರಡು ವರ್ಷಗಳ ಬಳಿಕ ಆ ಅಧ್ಯಯನವು ಚನ್ನರಾಯಪಟ್ಟಣದ ರೈತನ ಕಾಲುವೆಯ ಕುರಿತ ವಾದದಲ್ಲಿ ಮಾತಾಡಿತು. ಸಂಶೋಧನೆಯಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಸಂವಿಧಾನವಾದದ ಪಾಠವೂ ಇದೇ ನದಿಯಲ್ಲಿದೆ. 1991 ರಲ್ಲಿ ನ್ಯಾಯಮಂಡಳಿಯು ತಮಿಳುನಾಡಿಗೆ 205 ಟಿಎಂಸಿ ನೀರು ದೊರೆಯುವಂತೆ ಮಧ್ಯಂತರ ಆದೇಶ ನೀಡಿದಾಗ, ನಮ್ಮ ರಾಜ್ಯ ಸರಕಾರ ಅದನ್ನು ನಿಷ್ಫಲಗೊಳಿಸಲು ಸುಗ್ರೀವಾಜ್ಞೆ ಹೊರಡಿಸಿತು. ಸುಪ್ರೀಂ ಕೋರ್ಟು ಅದನ್ನು ಸಂವಿಧಾನಬಾಹಿರವೆಂದು ಅಭಿಪ್ರಾಯಪಟ್ಟಿತು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವ ಹಕ್ಕು ಯಾರಿಗೂ ಇಲ್ಲ. ಆ ತೀರ್ಮಾನ ಅಂದು ನಮ್ಮ ರಾಜ್ಯಕ್ಕೆ ಕಹಿಯಾಗಿತ್ತು. ಆದರೆ ಬಹುಮತದ ಬಲದಿಂದ ನ್ಯಾಯವನ್ನು ಬದಿಗೆ ಸರಿಸಬಾರದೆಂಬ ಈ ತತ್ತ್ವವೇ ಅಲ್ಪಸಂಖ್ಯಾತರ ರಕ್ಷಣೆಯ ಗೋಡೆ ಎಂಬುದನ್ನು ನಾವು ಮರೆಯಬಾರದು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬಡ ತಮಿಳು ಕುಟುಂಬಗಳ ಮೇಲೆ ದಾಳಿಗಳಾದವು. ಒಪ್ಪಂದಗಳನ್ನು ಅವರು ಬರೆದಿರಲಿಲ್ಲ, ಅಣೆಕಟ್ಟೆಗಳನ್ನು ಅವರು ಕಟ್ಟಿರಲಿಲ್ಲ. ಸರಕಾರಗಳ ಜಗಳಕ್ಕೆ ದುರ್ಬಲರು ದಂಡ ತೆತ್ತರು. ಇಂತಹ ದಂಡದ ನೋವನ್ನು ಬಲ್ಲ ನಮ್ಮ ಸಮುದಾಯ ಬೇರೆಯವರ ಸರದಿ ಬಂದಾಗ ಮೌನವಾಗಿರುವುದು ಸಲ್ಲದು.

ಮೌನ ಮುರಿದವರೂ ಇದ್ದರು. 2003 ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಸಂಶೋಧಕ ಜನಕರಾಜನ್, ಜಲನೀತಿಯ ವಿದ್ವಾಂಸ ರಾಮಸ್ವಾಮಿ ಅಯ್ಯರ್ ಮೊದಲಾದವರ ಪ್ರಯತ್ನದಿಂದ ಎರಡೂ ರಾಜ್ಯಗಳ ರೈತರು ಒಂದೆಡೆ ಕುಳಿತರು. ಆ ಕೂಟಕ್ಕೆ 'ಕಾವೇರಿ ಕುಟುಂಬ' ಎಂದು ಹೆಸರಾಯಿತು. ರೈತರು ಪರಸ್ಪರರ ಗದ್ದೆಗಳನ್ನು ನೋಡಿ ಬಂದರು. ವಿವಾದ ಅದರಿಂದ ಮುಗಿಯಲಿಲ್ಲ, ನಿಜ. ಆದರೆ ಶತ್ರುವೆಂದು ಹೇಳಲಾಗಿದ್ದವನು ತನ್ನಂತೆಯೇ ಮೋಡ ನೋಡುವ ರೈತನೆಂಬುದು ಅವರಿಗೆ ತಿಳಿಯಿತು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. 1979 ರಲ್ಲಿ ಗೊರೂರಿನ ಅಣೆಕಟ್ಟೆ ಪೂರ್ಣಗೊಂಡಿತು. ಅದರಿಂದ ಸಾವಿರಾರು ಎಕರೆ ಹಸುರಾಯಿತು, ಸಂತೋಷ. ಆದರೆ ಅದರ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯಲ್ಲಿ ಮಳೆಗಾಲದ ನೀರಿನ ನಡುವೆ ನಿಲ್ಲುವ ಹಳೆಯ ಇಗರ್ಜಿಯ ಗೋಡೆಗಳ ಮುಂದೆ ಪ್ರವಾಸಿಗರು ಚಿತ್ರ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಪ್ರಾರ್ಥಿಸುತ್ತಿದ್ದವರು ಎಲ್ಲಿಗೆ ಹೋದರೆಂದು ಎಷ್ಟು ಮಂದಿ ಕೇಳುತ್ತಾರೆ? ಆಗ ಜಾರಿಯಲ್ಲಿದ್ದದ್ದು 1894 ರ ಭೂಸ್ವಾಧೀನ ಕಾಯ್ದೆ. ಯೋಜನೆಯಿಂದ ಸಮಾಜದ ಮೇಲಾಗುವ ಪರಿಣಾಮವನ್ನು ಮೊದಲು ಅಧ್ಯಯನ ಮಾಡಬೇಕು, ಪುನರ್ವಸತಿ ಹಕ್ಕಾಗಬೇಕು ಎಂಬ ಕಾನೂನು ಬರಲು 2013 ರವರೆಗೆ ಕಾಯಬೇಕಾಯಿತು.

ದುರಂತವೆಂದರೆ, ಈ ಪ್ರಶ್ನೆಗಳನ್ನು ಕೇಳಬೇಕಾದ ಮಕ್ಕಳನ್ನು ನಾವೇ ತಡೆಯುತ್ತಿದ್ದೇವೆ. ಮದ್ರಸಾದಿಂದ ಹೊರಬಂದು ಕಲಾ ಪದವಿಗೆ ಸೇರಿದಾಗ ನಮ್ಮನ್ನೂ ಜನರು "ಬಿ.ಎ. ಓದಿ ಏನು ಮಾಡುತ್ತೀಯಪ್ಪ?" ಎಂದು ಕೇಳಿದ್ದರು. ಇಂದು ಅದೇ ಪ್ರಶ್ನೆಯನ್ನು ನಮ್ಮ ಹೆಣ್ಣುಮಕ್ಕಳಿಗೆ ಇನ್ನಷ್ಟು ಕಠೋರವಾಗಿ ಕೇಳಲಾಗುತ್ತಿದೆ. ವೈದ್ಯರು, ಇಂಜಿನಿಯರರು ಬೇಕು. ಆದರೆ ಕಾಯ್ದೆಯನ್ನು ಓದಬಲ್ಲವರು, ಕಡತವನ್ನು ಅರ್ಥ ಮಾಡಿಕೊಳ್ಳಬಲ್ಲವರು ಇಲ್ಲದ ಸಮುದಾಯ ಪ್ರತಿ ಬಾರಿಯೂ ಬೇರೆಯವರ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ.

ಆದ್ದರಿಂದ ವಿದ್ಯಾರ್ಥಿಗಳೇ, ಕೆಲಸವನ್ನು ಊರಿನಿಂದಲೇ ಆರಂಭಿಸಿರಿ. ಹೊಳೆನರಸೀಪುರದವರು ಪಟ್ಟಣದ ಕೊಳಚೆ ಎಲ್ಲಿ ಸೇರುತ್ತದೆಂದು ನೋಡಿರಿ. ಅರಕಲಗೂಡಿನವರು ಆನೆ ತುಳಿದ ಹೊಲದ ರೈತನಿಗೆ ಪರಿಹಾರ ಯಾವಾಗ ಸಿಕ್ಕಿತೆಂದು ಬರೆದುಕೊಳ್ಳಿರಿ. ಚನ್ನರಾಯಪಟ್ಟಣದವರು ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪುತ್ತದೆಯೇ, ಕೆರೆ ತುಂಬುತ್ತದೆಯೇ ಎಂದು ವಿಚಾರಿಸಿರಿ. ಹಾಸನದವರು 2005 ರ ಮಾಹಿತಿ ಹಕ್ಕು ಕಾಯ್ದೆಯನ್ನು ಬಳಸಿ, ಮುಳುಗಿದ ಊರುಗಳ ಕುಟುಂಬಗಳಿಗೆ ಕೊಟ್ಟ ಭೂಮಿಯ ದಾಖಲೆ ಕೇಳಿರಿ. ಯಾವ ಜಾತಿಯ, ಯಾವ ಧರ್ಮದ ರೈತ ಎಂದು ನೋಡದೆ ಬರೆಯಿರಿ.

ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ಆ ಪಾಠ ಮಸೀದಿಯ ನಲ್ಲಿಯ ಬಳಿಯೇ ನಿಲ್ಲದಿರಲಿ. ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ನಿಮ್ಮ ಮಗನಾಗಲಿ ಮಗಳಾಗಲಿ ಕಾನೂನನ್ನೋ ರಾಜ್ಯಶಾಸ್ತ್ರವನ್ನೋ ಓದುತ್ತೇನೆಂದರೆ ಈ ಬಾರಿ ಬೇಡವೆನ್ನದಿರಿ.